ಹುಂಜ ನುಂಗಿದ ಮುತ್ತು

ಮದುವೆ ಮನೆಗಳಲ್ಲಿ, ಹಬ್ಬದ ಮುನ್ನಾದಿನಗಳಲ್ಲಿ ನಡೆಯುವ ಒಂದು ಕೆಲಸದ ಬಗ್ಗೆ ಯಾರೂ ಬರೆಯುವುದಿಲ್ಲ. ಕಬ್ಬಿಣದ ಪೆಟ್ಟಿಗೆಯಿಂದ ಒಡವೆಗಳು ಹೊರಬರುತ್ತವೆ. ಒಂದು ಬೋಗುಣಿಯಲ್ಲಿ ಹುಣಸೆಹಣ್ಣು ನೆನೆದಿರುತ್ತದೆ. ಪಕ್ಕದಲ್ಲಿ ಅಂಟುವಾಳಕಾಯಿಯ ನೊರೆ, ಹಳೆಯ ಹಲ್ಲುಜ್ಜುವ ಬ್ರಷ್ಷು, ಇತ್ತೀಚಿನ ಮನೆಗಳಲ್ಲಾದರೆ ಟೂತ್‌ಪೇಸ್ಟು ಮತ್ತು ಅಡುಗೆ ಸೋಡಾ. ಬೆಳ್ಳಿ ಕಾಲುಂಗುರ, ಚಿನ್ನದ ಓಲೆ, ಹಿತ್ತಾಳೆಯ ಕೀಲಿಕೈ, ಮುತ್ತಿನ ಸರ ಎಲ್ಲವೂ ಒಂದೇ ಬೋಗುಣಿಗೆ ಬೀಳುತ್ತವೆ. ಅರ್ಧ ಗಂಟೆಯ ನಂತರ ಬೆಳ್ಳಿ ಬೆಳ್ಳಗಾಗಿರುತ್ತದೆ, ಹಿತ್ತಾಳೆ ಹೊಳೆಯುತ್ತಿರುತ್ತದೆ. ಮುತ್ತಿಗೆ ಏನಾಯಿತೆಂದು ಆ ಹೊತ್ತಿನಲ್ಲಿ ನೋಡುವವರಿಲ್ಲ.

ನಮ್ಮ ಮನೆಯಲ್ಲಿ ಏನಾಯಿತೆಂಬುದು ನನಗೆ ಗೊತ್ತು. ಅಜ್ಜಿಯ ಮದುವೆಯಲ್ಲಿ ಬಂದ ಎರಡೆಳೆಯ ಮುತ್ತಿನ ಸರವೊಂದು ಹೀಗೆಯೇ ಹುಣಸೆ ನೀರಿಗೆ ಬಿತ್ತು. ತೆಗೆದಾಗ ಕೊಳೆಯೇನೋ ಹೋಗಿತ್ತು, ಜೊತೆಗೆ ಒಳಗಿನಿಂದ ಬೆಳಕು ಬರುವಂತೆ ಕಾಣುತ್ತಿದ್ದ ಅದರ ಕಾಂತಿಯೂ ಹೋಗಿತ್ತು. ಕಾಳುಗಳು ಸುಣ್ಣದ ಉಂಡೆಗಳಂತೆ ಮಂಕಾಗಿದ್ದವು. ಅಜ್ಜಿ ಯಾರನ್ನೂ ಬೈಯಲಿಲ್ಲ. ಸರವನ್ನು ಒಂದು ಮಲ್ಮಲ್ ಬಟ್ಟೆಯಲ್ಲಿ ಸುತ್ತಿ ಮತ್ತೆ ಪೆಟ್ಟಿಗೆಯಲ್ಲಿಟ್ಟರು, ಅಷ್ಟೇ.

ಆ ದಿನ ಮನೆಯಲ್ಲಿ ಯಾರಿಗೂ ತಿಳಿಯದಿದ್ದ ಸಂಗತಿ ಸರಳವಾದದ್ದು. ಮುತ್ತು ರಾಸಾಯನಿಕವಾಗಿ ಸುಣ್ಣದ ಕಲ್ಲಿನ ಸಂಬಂಧಿ. ಅದರ ಹೆಚ್ಚಿನ ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಉಳಿದದ್ದು ಕಾಂಕಿಯೋಲಿನ್ ಎಂಬ ಜೈವಿಕ ಅಂಟು ಮತ್ತು ಅತ್ಯಲ್ಪ ನೀರು. ಹುಳಿ ಬಿದ್ದರೆ ಸುಣ್ಣ ಕರಗುತ್ತದೆ. ಈಜಿಪ್ಟಿನ ರಾಣಿ ಕ್ಲಿಯೋಪಾತ್ರಳು ಪಂಥ ಕಟ್ಟಿ ಒಂದು ಅಮೂಲ್ಯ ಮುತ್ತನ್ನು ವಿನೆಗರಿನಲ್ಲಿ ಕರಗಿಸಿ ಕುಡಿದಳೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಅವಳು ನಿಜವಾಗಿಯೂ ಕುಡಿದಳೋ ಇಲ್ಲವೋ, ವಿನೆಗರಿನಲ್ಲಿ ಮುತ್ತು ಕರಗುವುದಂತೂ ನಿಜ. ಔತಣ ಮುಗಿಯುವಷ್ಟರಲ್ಲಿ ಮಾತ್ರ ಆಗುವುದಿಲ್ಲ, ಇಡೀ ಕಾಳು ಕರಗಲು ಒಂದೆರಡು ದಿನ ಬೇಕು. ಆದರೆ ಕಾಂತಿ ಹೋಗಲು ಅಷ್ಟು ಹೊತ್ತು ಬೇಡ, ನಮ್ಮ ಮನೆಯ ಬೋಗುಣಿಗೆ ಅರ್ಧ ಗಂಟೆ ಸಾಕಾಗಿತ್ತು.

ಹಾಗಾದರೆ ಹಿಂದಿನವರು ಕೊಳೆಯಾದ ಮುತ್ತನ್ನು ಏನು ಮಾಡುತ್ತಿದ್ದರು? ಈ ಪ್ರಶ್ನೆಗೆ ನಮಗೆ ಸಿಗುವ ತೀರ ಹಳೆಯ ಉತ್ತರಗಳಲ್ಲೊಂದು ಈಜಿಪ್ಟಿನಲ್ಲಿ ಸಿಕ್ಕಿದೆ, ಆದರೆ ಅದರಲ್ಲಿರುವ ಹೆಸರು ನಮ್ಮ ದೇಶದ್ದು. ಈಗ ಸ್ವೀಡನ್ನಿನಲ್ಲಿರುವ, ಸ್ಟಾಕ್‌ಹೋಮ್ ಪಪೈರಸ್ ಎಂದು ಕರೆಯಲಾಗುವ ಗ್ರೀಕ್ ಭಾಷೆಯ ಹಸ್ತಪ್ರತಿಯೊಂದಿದೆ. ಕ್ರಿ.ಶ. ಸುಮಾರು 300ರ ಕಾಲದ್ದು. ಬಟ್ಟೆಗೆ ಬಣ್ಣ ಹಾಕುವುದು, ಬೆಳ್ಳಿಯಂತೆ ಕಾಣುವ ಲೋಹ ತಯಾರಿಸುವುದು, ಕೃತಕ ರತ್ನ ಮಾಡುವುದು ಮುಂತಾದ ಸುಮಾರು 150 ವಿಧಾನಗಳು ಅದರಲ್ಲಿವೆ. ಮುತ್ತು ತೊಳೆಯುವ ವಿಧಾನಗಳೂ ಇವೆ. ಅವುಗಳಲ್ಲೊಂದು ಭಾರತದವರದೆಂದು ಆ ಗ್ರಂಥವೇ ಹೇಳುತ್ತದೆ. ಬಳಸಿ ಮಂಕಾದ ಮುತ್ತನ್ನು ಸಂಜೆ ಹುಂಜವೊಂದಕ್ಕೆ ನುಂಗಿಸಬೇಕು. ಮರುದಿನ ಬೆಳಗ್ಗೆ ಅದರ ಹಿಕ್ಕೆಯಲ್ಲಿ ಹುಡುಕಿದರೆ ಮುತ್ತು ಮೊದಲಿನಂತೆಯೇ ಬೆಳ್ಳಗಾಗಿ ಸಿಗುತ್ತದೆ. ಸಿಲೋನಿನಲ್ಲಿ ಇದಕ್ಕಿಂತ ಅವಸರದ ಪದ್ಧತಿಯೂ ಇತ್ತೆಂದು 1908ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಕುಂಜ್ ಮತ್ತು ಸ್ಟೀವನ್ಸನ್ ಬರೆದ ಮುತ್ತಿನ ಬೃಹತ್ ಗ್ರಂಥ ದಾಖಲಿಸಿದೆ. ಅಕ್ಕಿಯ ಜೊತೆ ಮುತ್ತನ್ನು ಕೋಳಿಗೆ ತಿನ್ನಿಸಿ, ಸ್ವಲ್ಪ ಹೊತ್ತಿಗೇ ಕೋಳಿಯನ್ನು ಕೊಯ್ದು ಮುತ್ತನ್ನು ಹೊರತೆಗೆಯುವುದು. ಪಾಪ, ಕೋಳಿಗೆ ಎರಡು ವಿಧದಲ್ಲೂ ಲಾಭವಿರಲಿಲ್ಲ.

ಓದಿದಾಗ ನಗು ಬರುತ್ತದೆ. ಆದರೆ ಇದು ಬರೀ ಮೂಢನಂಬಿಕೆಯಲ್ಲ. ಕೋಳಿಯ ಜಠರದಲ್ಲಿ ತೆಳುವಾದ ಆಮ್ಲವಿರುತ್ತದೆ, ಅದಕ್ಕೆ ತಾಗಿಕೊಂಡೇ ಇರುವ ಗಟ್ಟಿ ಸ್ನಾಯುವಿನ ಚೀಲದಲ್ಲಿ ಅದು ಹೆಕ್ಕಿ ತಿಂದ ಮರಳು, ಕಲ್ಲುಗಳಿರುತ್ತವೆ. ಆಮ್ಲವು ಮುತ್ತಿನ ಮೇಲಿನ ಕೆಟ್ಟ ಪದರವನ್ನು ತುಸು ಕರಗಿಸುತ್ತದೆ, ಮರಳು ಅದನ್ನು ಉಜ್ಜುತ್ತದೆ. ಒಂದು ರಾತ್ರಿ ಕಳೆದ ಮೇಲೆ ಹೊರಬರುವುದು ತೊಳೆದ ಮುತ್ತಲ್ಲ, ಸಿಪ್ಪೆ ಸುಲಿದ ಮುತ್ತು. ಹೊಳಪು ಬಂತು, ತೂಕ ಇಳಿಯಿತು. ಮುತ್ತಿನ ಬೆಲೆ ತೂಕದ ಮೇಲೆ ನಿಂತಿದ್ದ ಕಾಲದಲ್ಲಿ ಇದು ಸಣ್ಣ ನಷ್ಟವಾಗಿರಲಾರದು.

ಈ ನಷ್ಟದ ಲೆಕ್ಕವನ್ನು ನಂಬಿಕೆಯಿಂದಲ್ಲ, ತಕ್ಕಡಿಯಿಂದ ನೋಡಲು ಹೊರಟವರು ಅಲ್‌ಬಿರೂನಿ. ನಮ್ಮಲ್ಲಿ ಅವರ ಹೆಸರು ಭಾರತವನ್ನು ಕುರಿತು ಸುಮಾರು 1030ರಲ್ಲಿ ಬರೆದ ಗ್ರಂಥದಿಂದಾಗಿ ಪರಿಚಿತ. ಶಾಲೆಯ ಪಠ್ಯದಲ್ಲೂ ಅಷ್ಟೇ ಇರುತ್ತದೆ. ಕ್ರಿ.ಶ. 973ರಲ್ಲಿ ಖ್ವಾರಿಜ್ಮ್‌ನಲ್ಲಿ ಹುಟ್ಟಿದ ಅವರು ಬದುಕಿನ ಕೊನೆಯ ವರ್ಷಗಳಲ್ಲಿ, ಘಜ್ನಿಯ ಸುಲ್ತಾನ ಮೌದೂದನ ಕಾಲದಲ್ಲಿ, ರತ್ನಗಳ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದರು. ಹೆಸರು ‘ಕಿತಾಬುಲ್ ಜಮಾಹಿರ್ ಫೀ ಮಅರಿಫತಿಲ್ ಜವಾಹಿರ್’. ತಮಗಿಂತ ಮೊದಲು ಈ ವಿಷಯದಲ್ಲಿ ಬರೆದ ಅಲ್‌ಕಿಂದಿಯವರ ಪ್ರಬಂಧವನ್ನೂ ನಸ್ರ್ ಬಿನ್ ಯಅಕೂಬ್ ದೀನವರಿಯವರ ಪುಸ್ತಕವನ್ನೂ ಅವರು ಮುಂದಿಟ್ಟುಕೊಂಡಿದ್ದರು. ಅದರಲ್ಲಿ ಮುತ್ತಿನ ಅಧ್ಯಾಯ ಬಹಳ ವಿಸ್ತಾರವಾದದ್ದು. ಮುತ್ತಿನ ಆಕಾರಕ್ಕೊಂದು ಹೆಸರು, ಬಣ್ಣಕ್ಕೊಂದು ಹೆಸರು, ದೋಷಕ್ಕೊಂದು ಹೆಸರು. ವ್ಯಾಪಾರಿಗಳ ಬಾಯಿಮಾತು, ಕವಿಗಳ ಮಾತು, ಕಡಲಿನವರ ಮಾತು ಎಲ್ಲವನ್ನೂ ಅವರು ಜರಡಿ ಹಿಡಿದಿದ್ದಾರೆ.

ಅವರ ರೀತಿ ಎಂಥದ್ದೆಂಬುದಕ್ಕೆ ಪಚ್ಚೆಯ ಕಥೆಯೊಂದು ಸಾಕು. ಪಚ್ಚೆಯನ್ನು ಕಂಡರೆ ಹಾವಿನ ಕಣ್ಣು ಕರಗಿ ಹೋಗುತ್ತದೆಂಬ ನಂಬಿಕೆ ಆ ಕಾಲದ ಎಲ್ಲ ರತ್ನಗ್ರಂಥಗಳಲ್ಲೂ ಇತ್ತು. ಅಲ್‌ಬಿರೂನಿ ಹಾವೊಂದಕ್ಕೆ ಪಚ್ಚೆಯ ಹಾರ ತೊಡಿಸಿದರು. ಅದರ ಮುಂದೆ ಪಚ್ಚೆ ಅಲ್ಲಾಡಿಸಿದರು. ಚಳಿಯಲ್ಲಿ, ಸೆಕೆಯಲ್ಲಿ, ಒಂಬತ್ತು ತಿಂಗಳು ನೋಡಿದರು. ಹಾವಿನ ಕಣ್ಣಿಗೆ ಏನೂ ಆಗಲಿಲ್ಲವೆಂದು ಬರೆದರು. ಪೂರ್ವಜರು ಹೇಳಿದ್ದಾರೆ ಎಂಬ ಕಾರಣಕ್ಕೆ ಒಪ್ಪಲೂ ಇಲ್ಲ, ಅದೇ ಕಾರಣಕ್ಕೆ ಗೇಲಿ ಮಾಡಲೂ ಇಲ್ಲ. ಪರೀಕ್ಷಿಸಿದರು.

ರತ್ನಗಳ ತೂಕದ ವಿಷಯದಲ್ಲಿ ಅವರ ಕೆಲಸ ಇನ್ನೂ ದೊಡ್ಡದು. ಕಿರಿದಾದ ಕುತ್ತಿಗೆಯ, ಪಕ್ಕಕ್ಕೊಂದು ಬಾಗಿದ ನಳಿಕೆಯಿರುವ ಪಾತ್ರೆಯೊಂದನ್ನು ಅವರು ರೂಪಿಸಿಕೊಂಡರು. ಅದರಲ್ಲಿ ನೀರು ತುಂಬಿ ರತ್ನವನ್ನು ಹಾಕಿದರೆ ನಳಿಕೆಯಿಂದ ಅಷ್ಟೇ ಗಾತ್ರದ ನೀರು ಹೊರಗೆ ಬೀಳುತ್ತದೆ. ಆ ನೀರನ್ನು ತೂಗಿ, ನೀಲವನ್ನು ನೂರು ಎಂದಿಟ್ಟುಕೊಂಡು ಮಿಕ್ಕ ರತ್ನಗಳ ಸಾಪೇಕ್ಷ ತೂಕವನ್ನು ಅವರು ಲೆಕ್ಕ ಹಾಕಿದರು. ಮಾಣಿಕ್ಯ, ಪಚ್ಚೆ, ಲಾಜವರ್ದ, ಮುತ್ತು, ಹವಳ, ಸ್ಫಟಿಕಗಳ ಅವರ ಅಂಕಿಗಳು ಇಂದಿನ ಅಳತೆಗೆ ಬಹಳ ಹತ್ತಿರವಾಗಿವೆ. 1121ರಲ್ಲಿ ಅಲ್‌ಖಾಜಿನಿ ತಮ್ಮ ‘ಮೀಝಾನುಲ್ ಹಿಕ್ಮಾ’ದಲ್ಲಿ ಈ ಕೋಷ್ಟಕಗಳನ್ನು ಉಳಿಸಿಕೊಟ್ಟರು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ರತ್ನಕ್ಕೆ ಒಂದು ಗೀರೂ ಬೀಳದಂತೆ, ಒಂದು ಹನಿ ಆಮ್ಲವೂ ತಾಗದಂತೆ, ಬರೀ ನೀರಿನಿಂದ ಅದು ಅಸಲಿಯೋ ನಕಲಿಯೋ ಎಂದು ತಿಳಿಯುವ ದಾರಿ ಇದು. ಉಜ್ಜಿ, ಸುಟ್ಟು, ಕೊರೆದು ಪರೀಕ್ಷೆ ಮಾಡುವ ವ್ಯಾಪಾರಿಗೆ ಮುತ್ತು ಎಷ್ಟು ಮೆದುವೆಂಬುದು ನಾಶವಾದ ಮೇಲೆಯೇ ತಿಳಿಯುತ್ತಿತ್ತು.

ಈ ಗ್ರಂಥ ಅಚ್ಚಾದ ಕಥೆ ನಮ್ಮ ನಾಡಿಗೂ ಹತ್ತಿರದ್ದು. ಅರಬಿ ಮೂಲವನ್ನು ಜರ್ಮನ್ ವಿದ್ವಾಂಸ ಫ್ರಿಟ್ಜ್ ಕ್ರೆಂಕೋ ಸಂಪಾದಿಸಿದರು, 1936ರಲ್ಲಿ ಪ್ರಕಟಿಸಿದ್ದು ಹೈದರಾಬಾದಿನ ದಾಯಿರತುಲ್ ಮಆರಿಫ್. ಕಲಬುರಗಿ, ಬೀದರ್, ರಾಯಚೂರುಗಳು ಅದೇ ಸಂಸ್ಥಾನದಲ್ಲಿದ್ದ ಕಾಲವದು. ಮುತ್ತಿನ ಅಧ್ಯಾಯದ ಇಂಗ್ಲಿಷ್ ಅನುವಾದವೂ 1940ರ ದಶಕದ ಆರಂಭದಲ್ಲಿ ಅದೇ ನಗರದ ‘ಇಸ್ಲಾಮಿಕ್ ಕಲ್ಚರ್’ ಪತ್ರಿಕೆಯಲ್ಲಿ ಬಂತು. ಮುತ್ತಿನ ಪೇಟೆಗೆ ಹೆಸರಾದ ಊರಿನಲ್ಲೇ ಮುತ್ತಿನ ಶಾಸ್ತ್ರವೂ ಅಚ್ಚಾಯಿತು. ಆದರೆ ಪೇಟೆಯವರು ಆ ಪುಸ್ತಕವನ್ನು ಓದಿದ್ದರೆಂದು ಭಾವಿಸಲು ನನಗೆ ಧೈರ್ಯ ಬರುವುದಿಲ್ಲ. ಜ್ಞಾನ ಮತ್ತು ಕಸುಬು ಒಂದೇ ಬೀದಿಯಲ್ಲಿದ್ದೂ ಪರಸ್ಪರ ಮಾತಾಡದಿರುವುದು ನಮ್ಮಲ್ಲಿ ಹೊಸದೇನಲ್ಲ.

ಸಂಸ್ಕೃತದ ರತ್ನಶಾಸ್ತ್ರಗಳೂ ಮುತ್ತಿನ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಬುದ್ಧಭಟ್ಟನ ‘ರತ್ನಪರೀಕ್ಷಾ’ ಮತ್ತು ಗರುಡಪುರಾಣಗಳಲ್ಲಿ ಒಂದು ಪರೀಕ್ಷೆ ಬರುತ್ತದೆ. ಕೃತಕವೆಂದು ಸಂಶಯ ಬಂದ ಮುತ್ತನ್ನು ಉಪ್ಪು ಬೆರೆಸಿದ ಬೆಚ್ಚನೆಯ ಎಣ್ಣೆಯಲ್ಲಿ ಒಂದು ರಾತ್ರಿ ಇಟ್ಟು, ಒಣ ಬಟ್ಟೆಯಲ್ಲಿ ಸುತ್ತಿ ಭತ್ತದೊಂದಿಗೆ ಉಜ್ಜಬೇಕು. ಬಣ್ಣ ಕೆಡದಿದ್ದರೆ ಅದು ಸಹಜ ಮುತ್ತು. ಇದು ಪರೀಕ್ಷೆಯೂ ಹೌದು, ಒಂದು ಬಗೆಯ ಶುದ್ಧೀಕರಣವೂ ಹೌದು. ಭತ್ತದ ಹೊಟ್ಟು ಒರಟು, ಅದರಲ್ಲಿ ಮರಳಿನ ಅಂಶವೇ ಆದ ಸಿಲಿಕಾ ಇರುತ್ತದೆ. ಗಟ್ಟಿ ಮುತ್ತು ಅದನ್ನು ಸಹಿಸಿಕೊಳ್ಳುತ್ತಿತ್ತು, ಬಣ್ಣ ಬಳಿದ ಗಾಜಿನ ಮಣಿ ಸಹಿಸುತ್ತಿರಲಿಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ ಕುಳಿತು ಆಳಿದವನು, 12ನೇ ಶತಮಾನದ ಮೊದಲರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲೂ ಅರಸನ ಬೊಕ್ಕಸದಲ್ಲಿರಬೇಕಾದ ರತ್ನಗಳ ಗುಣದೋಷಗಳ ವಿವರಣೆಯಿದೆ. 1315ರಲ್ಲಿ ದಿಲ್ಲಿಯ ಖಿಲ್ಜಿ ಆಡಳಿತದ ಅಧಿಕಾರಿಯಾಗಿದ್ದ ಜೈನ ವಿದ್ವಾಂಸ ಠಕ್ಕುರ ಫೇರು ಪ್ರಾಕೃತದಲ್ಲಿ ರತ್ನಪರೀಕ್ಷೆಯ ಗ್ರಂಥ ಬರೆದ. ಮುಸ್ಲಿಂ ಸುಲ್ತಾನನ ಖಜಾನೆ, ಜೈನ ಪರೀಕ್ಷಕ, ಸಂಸ್ಕೃತ ಪರಂಪರೆ, ಹೊರಗಿನ ಪರ್ಷಿಯನ್ ರತ್ನಗಳು. ಆ ಕಾಲದ ಖಜಾನೆಯ ಕೋಣೆಯೊಳಗೆ ಯಾರ ಮಾತೂ ಪರಕೀಯವಾಗಿರಲಿಲ್ಲ.

ಖಜಾನೆಯ ಹೊರಗೂ ಮುತ್ತು ಸಿಗುತ್ತಿತ್ತು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ರಝಾಕ್, ಅಲ್ಲಿನ ಪೇಟೆಯಲ್ಲಿ ರತ್ನವ್ಯಾಪಾರಿಗಳು ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಆ ಮುತ್ತುಗಳು ಬರುತ್ತಿದ್ದುದು ಮುಖ್ಯವಾಗಿ ಎರಡು ಕಡಲುಗಳಿಂದ. ಒಂದು ತಮಿಳುನಾಡು ಮತ್ತು ಶ್ರೀಲಂಕೆಯ ನಡುವಿನ ಮನ್ನಾರ್ ಖಾರಿ. ಇನ್ನೊಂದು ಬಹರೈನಿನ ಸುತ್ತಲಿನ ಅರಬ್ ಕಡಲು, ಅಲ್ಲಿನದನ್ನು ನಮ್ಮವರು ಬಸ್ರಾ ಮುತ್ತು ಎನ್ನುತ್ತಾರೆ. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದು ಮುತ್ತಾಗುತ್ತದೆಂದು ನಮ್ಮಲ್ಲಿ ನಂಬಿದ್ದರು. ಅರಬರಲ್ಲೂ ವಸಂತದ ಮಳೆಹನಿಯ ಕಥೆಯಿತ್ತು. ಎರಡು ತೀರದ ಜನ ಒಂದೇ ಕನಸು ಕಂಡಿದ್ದರು.

ಇಲ್ಲಿಯವರೆಗೆ ಹೇಳಿದ ಎಲ್ಲ ವಿಧಾನಗಳ ಹಿಂದೆ, ಅಂದರೆ ಹುಂಜ, ಭತ್ತ, ಉಪ್ಪೆಣ್ಣೆಗಳ ಹಿಂದೆ, ಯಾರೂ ಬಾಯಿಬಿಟ್ಟು ಹೇಳದ ಒಂದು ನಂಬಿಕೆಯಿದೆ. ಮುತ್ತು ಮೇಲಿನಿಂದ ನಡುವಿನವರೆಗೂ ಮುತ್ತೇ ಎಂಬುದು. ಸಹಜ ಮುತ್ತಿನಲ್ಲಿ ಅದು ನಿಜ. ಈರುಳ್ಳಿಯ ಹಾಗೆ ಪದರದ ಮೇಲೆ ಪದರ. ಒಂದೊಂದು ಪದರವೂ ಮಿಲಿಮೀಟರಿನ ಸುಮಾರು ಎರಡು ಸಾವಿರದ ಒಂದು ಪಾಲಿನಷ್ಟು ತೆಳು. ಬೆಳಕು ಈ ಪದರಗಳ ನಡುವೆ ಹೊಕ್ಕು ಹಿಂತಿರುಗುವಾಗಲೇ ಆ ಕಾಂತಿ ಹುಟ್ಟುವುದು. ಮೇಲಿನ ಪದರ ಕೆಟ್ಟರೆ ಕೆಳಗೆ ಇನ್ನೊಂದಿದೆ. ಹಾಗಾಗಿಯೇ ಮಂಕಾದ ಮುತ್ತಿನ ಪದರವನ್ನು ಅಲಗಿನಿಂದ ಸುಲಿದು ಒಳಗಿನ ಕಾಂತಿಯನ್ನು ಹೊರತರುವ ನಿಪುಣರು ಇದ್ದರು. ಕೈತಪ್ಪಿದರೆ ಎಲ್ಲವೂ ಹೋಯಿತು. ಆದರೂ ಅದೊಂದು ಅವಕಾಶವಾಗಿತ್ತು.

ಇಪ್ಪತ್ತನೆಯ ಶತಮಾನ ಆ ಅವಕಾಶವನ್ನು ಕಸಿದುಕೊಂಡಿತು. ಜಪಾನಿನ ಕೊಕಿಚಿ ಮಿಕಿಮೊಟೊ 1893ರಲ್ಲಿ ಚಿಪ್ಪಿನೊಳಗೆ ಅರ್ಧಗೋಳದ ಮುತ್ತನ್ನು ಬೆಳೆಸುವುದರಲ್ಲಿ ಯಶಸ್ವಿಯಾದರು. ನಂತರದ ವರ್ಷಗಳಲ್ಲಿ ದುಂಡು ಮುತ್ತಿನ ವಿಧಾನವೂ ಕೈಗೂಡಿ 1920ರ ದಶಕದಲ್ಲಿ ಸಾಕಿದ ಮುತ್ತು ಜಗತ್ತಿನ ಮಾರುಕಟ್ಟೆಗೆ ಬಂತು. ಅದರ ಹಿಂದೆಯೇ ಜಾಗತಿಕ ಆರ್ಥಿಕ ಕುಸಿತವೂ ಬಂತು. ಬಹರೈನ್, ಕುವೈತ್, ದುಬೈಗಳ ಮುತ್ತಿನ ದೋಣಿಗಳು ದಡ ಸೇರಿದವು. ಉಸಿರು ಬಿಗಿಹಿಡಿದು ಮುಳುಗುತ್ತಿದ್ದವರು ಬೀದಿಗೆ ಬಂದರು. 1932ರಲ್ಲಿ ಬಹರೈನಿನಲ್ಲಿ ತೈಲ ಸಿಕ್ಕಿದ್ದು ಆ ಊರುಗಳಿಗೆ ಇನ್ನೊಂದು ಬದುಕು ಕೊಟ್ಟಿತು. ನಮ್ಮ ಕರಾವಳಿಯವರು ಆ ಕಡಲಿನಾಚೆ ದುಡಿಯಲು ಹೊರಟಿದ್ದು ಆ ತೈಲದ ಹಿಂದೆ. ಮುತ್ತಿನ ಹಿಂದೆ ಹೋದ ತಲೆಮಾರು ಅಷ್ಟರಲ್ಲಿ ಮುಗಿದಿತ್ತು.

ಇತಿಹಾಸಕಾರರು ಈ ಕುಸಿತವನ್ನು ವ್ಯಾಪಾರದ ಕಥೆಯಾಗಿ ಹೇಳುತ್ತಾರೆ. ಮನೆಯ ಹೆಂಗಸಿಗೆ ಇದರಲ್ಲಿ ಇನ್ನೊಂದು ಕಥೆಯಿದೆ. ಸಾಕಿದ ಕಡಲ ಮುತ್ತಿನ ನಡುವೆ ಇರುವುದು ಚಿಪ್ಪಿನಿಂದ ಕಡೆದ ಒಂದು ಗುಂಡು. ಮುತ್ತೆನ್ನುವುದು ಅದರ ಮೇಲಿನ ಲೇಪ ಮಾತ್ರ. ಜಪಾನಿನ ಸಾಮಾನ್ಯ ಮುತ್ತುಗಳಲ್ಲಿ ಆ ಲೇಪ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಹುಂಜದ ಹೊಟ್ಟೆಯನ್ನು, ಭತ್ತವನ್ನು ಸಹಿಸುತ್ತಿದ್ದ ಮುತ್ತು ಅದಲ್ಲ. ಒಂದು ಪದರ ಸುಲಿದರೆ ಕೆಳಗೆ ಇನ್ನೊಂದಿದೆ ಎಂಬ ಭರವಸೆ ಅಲ್ಲಿಲ್ಲ, ಕೆಳಗಿರುವುದು ಕಾಂತಿಯಿಲ್ಲದ ಗುಂಡು. ಸಿಹಿನೀರಿನ ಚೀನಾ ಮುತ್ತುಗಳು ಬಹುಪಾಲು ಒಳಗೆ ಗುಂಡಿಲ್ಲದೆ ಬೆಳೆಯುತ್ತವೆ, ಅವುಗಳ ಸ್ಥಿತಿ ವಾಸಿ. ಆದರೆ ಹುಳಿಯ ಮುಂದೆ ಅವೂ ಸುಣ್ಣವೇ. ವಸ್ತು ಬದಲಾಯಿತು, ಅಜ್ಜಿಯರಿಂದ ಬಂದ ವಿಧಾನ ಬದಲಾಗಲಿಲ್ಲ. ನಮ್ಮ ಮನೆಗಳಲ್ಲಿ ಕೆಟ್ಟುಹೋದ ಅನೇಕ ಸರಗಳ ಹಿಂದೆ ಈ ಅಂತರವಿದೆಯೆಂದು ನನಗನಿಸುತ್ತದೆ. ಮದುವೆಯಲ್ಲಿ ಕೊಟ್ಟ ಒಡವೆ ಹೆಣ್ಣಿನ ಸ್ವಂತ ಆಸ್ತಿ. ಕಷ್ಟಕಾಲದಲ್ಲಿ ಅದನ್ನು ಮಾರಲು ಹೋದಾಗ ಅಂಗಡಿಯವನು ಮಂಕಾದ ಮುತ್ತನ್ನು ಪಕ್ಕಕ್ಕೆ ತಳ್ಳಿ ಚಿನ್ನವನ್ನು ಮಾತ್ರ ತೂಗುತ್ತಾನೆ.

ಮೆದುವೆಂದರೆ ಎಷ್ಟು ಮೆದು? ಇದನ್ನು ಅಳೆಯುವ ಮಾಪನವನ್ನು ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೆಡ್ರಿಕ್ ಮೋಸ್ 1812ರಲ್ಲಿ ಕೊಟ್ಟ. ಯಾವುದು ಯಾವುದನ್ನು ಗೀರುತ್ತದೆ ಎಂಬುದೇ ಅದರ ತತ್ವ. ವಜ್ರ ಮಾತ್ರ ಯಾಕೂತನ್ನು, ಅಂದರೆ ಮಾಣಿಕ್ಯ ಮತ್ತು ನೀಲಗಳ ಜಾತಿಯನ್ನು, ಗೀರುತ್ತದೆ, ಯಾಕೂತ್ ಉಳಿದೆಲ್ಲವನ್ನೂ ಗೀರುತ್ತದೆ ಎಂಬುದು ಅರಬಿ ರತ್ನಗ್ರಂಥಗಳಿಗೆ ಮೊದಲೇ ತಿಳಿದಿತ್ತು. ಮೋಸ್ ಅದನ್ನು ಹತ್ತು ಮೆಟ್ಟಿಲಿನ ಏಣಿ ಮಾಡಿದ. ಕೆಳಗಿನ ಮೆಟ್ಟಿಲು ಬಳಪದ ಕಲ್ಲು, ಎರಡನೆಯದು ಜಿಪ್ಸಮ್, ಮೂರನೆಯದು ಕ್ಯಾಲ್ಸೈಟ್, ಏಳನೆಯದು ಬೆಣಚು ಕಲ್ಲು, ಹತ್ತನೆಯದು ವಜ್ರ. ನಮ್ಮ ಉಗುರು ಎರಡೂವರೆಯ ಹತ್ತಿರ. ಮುತ್ತು ಎರಡೂವರೆಯಿಂದ ನಾಲ್ಕೂವರೆಯೊಳಗೆ. ಹವಳ ಮೂರರಿಂದ ನಾಲ್ಕು. ಹಸಿರು ಪಟ್ಟೆಯ ಮ್ಯಾಲಕೈಟ್ ನಾಲ್ಕಕ್ಕೂ ಕಡಿಮೆ. ಲಾಜವರ್ದ ಐದರ ಆಚೀಚೆ, ಫಿರೋಜಾ ಐದರಿಂದ ಆರು. ಕಹ್ರುಬಾ ಎಂದು ನಾವು ತಸ್ಬೀಹ್ ಮಣಿಗಳಲ್ಲಿ ಕಾಣುವ, ಮರದ ಅಂಟು ಲಕ್ಷಾಂತರ ವರ್ಷಗಳಲ್ಲಿ ಗಟ್ಟಿಯಾಗಿ ಆದ ಹಳದಿ ಮಣಿ, ಎರಡರಿಂದ ಎರಡೂವರೆ.

ಈಗ ನಮ್ಮ ಮನೆಯ ಧೂಳಿನ ಕಡೆ ನೋಡಿ. ಅದರಲ್ಲಿ ಬೆಣಚಿನ ಸೂಕ್ಷ್ಮ ಕಣಗಳಿವೆ, ಗಡಸುತನ ಏಳು. ಷೋಕೇಸಿನಲ್ಲಿಟ್ಟ ಕಲ್ಲನ್ನೋ ಮುತ್ತಿನ ಸರವನ್ನೋ ಒಣ ಬಟ್ಟೆಯಿಂದ ಒರೆಸಿದಾಗ ನಾವು ಮಾಡುವುದು ಮರಳು ಕಾಗದದಿಂದ ಉಜ್ಜುವ ಕೆಲಸ. ಒಂದು ಸಲಕ್ಕೆ ಕಾಣುವುದಿಲ್ಲ, ಹತ್ತು ವರ್ಷಕ್ಕೆ ಕಾಣುತ್ತದೆ. ಹಾಗಾಗಿ ಧೂಳನ್ನು ಮೊದಲು ಊದಬೇಕು, ಅಥವಾ ಚಿತ್ರ ಬರೆಯುವ ಮೆತ್ತನೆಯ ಕುಂಚದಿಂದ ತಟ್ಟಿ ಬೀಳಿಸಬೇಕು. ಟೂತ್‌ಪೇಸ್ಟಿನಲ್ಲಿ ಉಜ್ಜುವ ಪುಡಿ ಬೆರೆಸಿರುತ್ತಾರೆ, ಸೋಡಾದ ಹರಳೂ ಒರಟೇ. ಇವೆರಡೂ ಮೆದು ಕಲ್ಲಿನ ಹತ್ತಿರ ಸುಳಿಯಬಾರದು.

ಮುತ್ತಿಗೆ ಬೇಕಾದದ್ದು ಬಹಳ ಕಡಿಮೆ. ತೊಟ್ಟು ತೆಗೆದ ಕೂಡಲೇ ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಹತ್ತಿಬಟ್ಟೆಯಿಂದ ಒಂದೊಂದೇ ಕಾಳನ್ನು ಒರೆಸಿದರೆ ಬೆವರಿನ ಆಮ್ಲ ಹೋಗುತ್ತದೆ. ವರ್ಷಕ್ಕೊಮ್ಮೆ ಉಗುರುಬೆಚ್ಚಗಿನ ನೀರಿಗೆ ಮೃದುವಾದ ಸಾಬೂನಿನ ಒಂದೆರಡು ಹನಿ ಹಾಕಿ ಅದರಲ್ಲಿ ಬಟ್ಟೆ ಅದ್ದಿ ಒರೆಸಬಹುದು. ನಂತರ ಬರೀ ನೀರಿನ ಬಟ್ಟೆ. ಸರವನ್ನು ನೀರಿನಲ್ಲಿ ನೆನೆಹಾಕಬಾರದು, ಏಕೆಂದರೆ ರೇಷ್ಮೆ ದಾರ ಒದ್ದೆಯಾದರೆ ಹಿಗ್ಗುತ್ತದೆ, ಕಾಳಿನ ತೂತಿನಲ್ಲಿ ಕೊಳೆ ಹಿಡಿದು ಕೊಳೆಯುತ್ತದೆ. ಮೊಳೆಗೆ ತೂಗುಹಾಕದೆ ಚಪ್ಪಟೆಯಾಗಿ ಹರಡಿ ಒಣಗಿಸಬೇಕು. ಅತ್ತರು, ಪೌಡರು, ತಲೆಗೆಣ್ಣೆ ಎಲ್ಲ ಮುಗಿದ ಮೇಲೆ ಕೊನೆಗೆ ಮುತ್ತು ತೊಡುವುದು, ಮನೆಗೆ ಬಂದಾಗ ಮೊದಲು ಅದನ್ನೇ ತೆಗೆಯುವುದು. ಬ್ಯಾಂಕಿನ ಲಾಕರಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ವರ್ಷಗಟ್ಟಲೆ ಬಿಗಿದಿಡುವುದೂ ಒಳ್ಳೆಯದಲ್ಲ. ಮುತ್ತಿನೊಳಗೆ ತುಸು ನೀರಿರಬೇಕು. ತೀರ ಒಣಗಿದರೆ ಬಿರುಕು ಬಿಡುತ್ತದೆ. ಹತ್ತಿಬಟ್ಟೆಯೇ ಸರಿ. ಈ ವಿಷಯದಲ್ಲಿ ಅಜ್ಜಿಯ ಮಲ್ಮಲ್ ಸರಿಯಾಗಿತ್ತು.

ಫಿರೋಜಾದ ಸ್ವಭಾವ ಬೇರೆ. ಅದು ಸಣ್ಣ ಸಣ್ಣ ರಂಧ್ರಗಳ ಕಲ್ಲು, ಸ್ಪಂಜಿನಂತೆ ಹೀರಿಕೊಳ್ಳುತ್ತದೆ. ನೈಶಾಪುರದ ಫಿರೋಜಾ ಜಗತ್ಪ್ರಸಿದ್ಧ. ಎಣ್ಣೆ, ಬೆವರು, ಸುಗಂಧಗಳು ಅದರ ನೀಲಿಯನ್ನು ಹಸಿರಾಗಿ ಕೆಡಿಸುತ್ತವೆಂಬುದು ಹಳೆಯ ಜವಾಹರಿಗಳಿಗೆ ಅನುಭವದಿಂದ ಗೊತ್ತಿತ್ತು. 1253ರಲ್ಲಿ ಕೈರೋದಲ್ಲಿ ನಿಧನರಾದ ಅತ್ತೀಫಾಶಿಯವರ, 25 ರತ್ನಗಳನ್ನು ಕುರಿತ ಅರಬಿ ಗ್ರಂಥ ಪ್ರತಿಯೊಂದು ಕಲ್ಲಿನ ಹುಟ್ಟು, ನೆಲೆ, ಒಳ್ಳೆಯದು ಕೆಟ್ಟದ್ದು, ಗುಣ, ಬೆಲೆ ಎಂದು ಕ್ರಮವಾಗಿ ಹೇಳುತ್ತಾ ಹೋಗುತ್ತದೆ. ಬಳಕೆಯಲ್ಲಿ ಬಣ್ಣ ಉಳಿಸಿಕೊಳ್ಳದ ಕಲ್ಲಿಗೆ ಎಷ್ಟು ಬೆಲೆ ಕೊಡಬೇಕೆಂಬುದು ಆ ವ್ಯಾಪಾರಿಗಳಿಗೆ ನಿಜವಾದ ಪ್ರಶ್ನೆಯಾಗಿತ್ತು. ಇಂದು ಪೇಟೆಯಲ್ಲಿ ಸಿಗುವ ಫಿರೋಜಾದಲ್ಲಿ ಹೆಚ್ಚಿನವು ರಾಳ ತುಂಬಿ ಗಟ್ಟಿ ಮಾಡಿದವು, ಕೆಲವು ಹೌಲೈಟ್ ಎಂಬ ಅಗ್ಗದ ಬಿಳಿ ಕಲ್ಲಿಗೆ ನೀಲಿ ಬಣ್ಣ ಹಾಕಿದವು. ಉಗುರಿನ ಬಣ್ಣ ತೆಗೆಯುವ ದ್ರವ ತಾಗಿದರೆ ಬಣ್ಣದ ಗುಟ್ಟು ಬಯಲಾಗುತ್ತದೆ, ರಾಳವೂ ಕೆಡುತ್ತದೆ. ಒರೆಸಲು ಒದ್ದೆಬಟ್ಟೆ, ಕೂಡಲೇ ಒಣಬಟ್ಟೆ. ಅದಕ್ಕಿಂತ ಹೆಚ್ಚು ಬೇಡ.

ತಸ್ಬೀಹ್ ಮಣಿಗಳಿಗೆ ಅತ್ತರು ಹಚ್ಚುವ ಅಭ್ಯಾಸ ಬಹಳ ಮಂದಿಗಿದೆ. ಅಕೀಕಿನ ಮಣಿಗೆ ತೊಂದರೆಯಿಲ್ಲ, ಅದು ಬೆಣಚಿನ ಜಾತಿ. ಕಹ್ರುಬಾ, ಹವಳ, ಫಿರೋಜಾ ಮಣಿಗಳಿಗೆ ಅತ್ತರಿನ ಎಣ್ಣೆ ಒಳ್ಳೆಯದಲ್ಲ. ಮದ್ಯಸಾರ ಬೆರೆತ ಸೆಂಟು ಕಹ್ರುಬಾದ ಮೇಲ್ಮೈಯನ್ನೇ ಮಂಕಾಗಿಸುತ್ತದೆ. ಪರಿಮಳ ಬೇಕಾದರೆ ತಸ್ಬೀಹ್ ಇಡುವ ಚೀಲಕ್ಕೆ ಹಚ್ಚಬಹುದು.

ಆಭರಣದಂಗಡಿಗಳಲ್ಲಿ ಈಗ ಶಬ್ದತರಂಗದ ತೊಳೆಯುವ ಯಂತ್ರಗಳಿವೆ. ವಜ್ರಕ್ಕೆ ಅದು ಅನುಕೂಲ. ಮುತ್ತು, ಹವಳ, ಫಿರೋಜಾ, ಲಾಜವರ್ದ, ಓಪಲ್‌ಗಳನ್ನು ಅದರಲ್ಲಿ ಹಾಕಲು ಬಿಡಬೇಡಿ. ಪಚ್ಚೆಯನ್ನೂ ಬಿಡಬೇಡಿ. ಪಚ್ಚೆ ಗಟ್ಟಿ ಕಲ್ಲೇ, ಆದರೆ ಅದರೊಳಗಿನ ಬಿರುಕು ಕಾಣದಂತೆ ಎಣ್ಣೆ ತುಂಬಿಸಿರುತ್ತಾರೆ, ಅದು ಹೊರಬಂದರೆ ಕಲ್ಲು ಒಡೆದಂತೆ ಕಾಣುತ್ತದೆ. ಕೇಳಿ ತಿಳಿದುಕೊಳ್ಳಲು ಸಂಕೋಚ ಬೇಡ. ಎಣ್ಣೆ ಹಾಕಿದ್ದೀರಾ, ಬಣ್ಣ ಹಾಕಿದ್ದೀರಾ ಎಂದು ಕೊಳ್ಳುವವಳು ಕೇಳಿದರೆ ಪ್ರಾಮಾಣಿಕ ವ್ಯಾಪಾರಿ ಮುಖ ಗಂಟಿಕ್ಕುವುದಿಲ್ಲ.

ಒಡವೆಯಲ್ಲದ ಕಲ್ಲುಗಳ ಬಗ್ಗೆಯೂ ಒಂದು ಮಾತು. ದಖ್ಖನಿನ ಕಪ್ಪುಕಲ್ಲಿನ ಹಾಸು ಮಹಾರಾಷ್ಟ್ರದಿಂದ ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ವರೆಗೆ ಚಾಚಿದೆ. ಪುಣೆ, ಜಳಗಾಂವ್ ಕಡೆಯ ಕ್ವಾರಿಗಳಲ್ಲಿ ಈ ಕಲ್ಲಿನ ಗುಳ್ಳೆಗಳೊಳಗೆ ಸಿಗುವ ಅಪೋಫಿಲೈಟ್, ಸ್ಟಿಲ್ಬೈಟ್ ಹರಳುಗಳನ್ನು ಜಗತ್ತಿನ ವಸ್ತುಸಂಗ್ರಹಾಲಯಗಳು ಕೊಂಡೊಯ್ದಿವೆ. ಹಡೆದ ಕಲ್ಲಿನಿಂದ ಬಿಡಿಸಿ ತಂದ ಹುಡುಗರು ಮೊದಲು ಮಾಡುವ ಕೆಲಸ ಬ್ರಷ್ಷಿನಿಂದ ತಿಕ್ಕುವುದು. ಈ ಹರಳುಗಳ ಒಡಲಲ್ಲಿ ನೀರಿರುತ್ತದೆ, ಬಿಸಿ ತಾಗಿದರೆ ಕೆಡುತ್ತವೆ, ತುಸು ಪೆಟ್ಟಿಗೆ ಹಾಳೆಯಂತೆ ಬಿಡಿಸಿಕೊಳ್ಳುತ್ತವೆ. ಜಿಪ್ಸಮ್ಮನ್ನು ನೀರಿನಲ್ಲಿ ನೆನೆಸಿದರೆ ಅದೇ ಕರಗುತ್ತದೆ, ಲೀಟರಿಗೆ ಸುಮಾರು 2 ಗ್ರಾಂನಷ್ಟು. ಅಷ್ಟು ಸಾಕು ಅದರ ಅಂಚು ಮೊಂಡಾಗಲು. ಕಲ್ಲುಪ್ಪು, ಮೈಲುತುತ್ತಗಳ ಹರಳಿಗೆ ನೀರು ತಾಗಿಸುವಂತೆಯೇ ಇಲ್ಲ. ಗಂಧಕದ ಹರಳು ಅಂಗೈಯ ಬಿಸಿಗೇ ಸಿಡಿಯುತ್ತದೆ. ಇಂಗಲೀಕದಲ್ಲಿ ಪಾದರಸವಿದೆ, ಹರಿದಳದಲ್ಲಿ ಪಾಷಾಣವಿದೆ, ಸುರ್ಮಾಕ್ಕೆ ಬಳಸುತ್ತಿದ್ದ ಗೆಲೀನಾದಲ್ಲಿ ಸೀಸವಿದೆ. ಇವನ್ನು ಅಡುಗೆಮನೆಯ ಪಾತ್ರೆಯಲ್ಲಿ ತೊಳೆಯಬಾರದು, ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಮನೆಯಲ್ಲೇ ಕಲ್ಲನ್ನು ಉಜ್ಜಿ ಹೊಳಪು ಕೊಡಬೇಕೆಂಬ ಆಸೆ ಇರುವವರಿಗೆ ನಾನು ಗುಜರಾತಿನ ಖಂಭಾತ್ ಊರನ್ನು ನೆನಪಿಸುತ್ತೇನೆ. ಶತಮಾನಗಳಿಂದ ಅಲ್ಲಿ ಅಕೀಕಿನ ಮಣಿ ತಯಾರಾಗುತ್ತದೆ. ರತನ್‌ಪುರದ ಗಣಿಯ ಕಲ್ಲನ್ನು ಸುಟ್ಟು ಕೆಂಪೇರಿಸಿ, ಒಡೆದು, ತಿರುಗುವ ಚಕ್ರಕ್ಕೆ ಹಿಡಿದು ನುಣುಪು ಮಾಡುತ್ತಾರೆ. ಆ ಮಣಿಗಳು ಅರಬ್ ನಾಡು, ಆಫ್ರಿಕಾಗಳಿಗೆ ಹೋಗಿವೆ. ಆಫ್ರಿಕಾ ಮೂಲದ ಸಿದ್ದಿಗಳು ಗೌರವಿಸುವ ಸೂಫಿ ಬಾಬಾ ಘೋರ್ ಈ ಕಸುಬಿನ ಪೋಷಕರೆಂದು ಅಲ್ಲಿನವರು ನಂಬುತ್ತಾರೆ. ಚಕ್ರವಿರುವುದು ಹಲವು ಮನೆಗಳ ಒಳಗೇ. ಏಳುವ ಧೂಳು ಅದೇ ಬೆಣಚು. ಗಂಡಸು ಉಜ್ಜುತ್ತಾನೆ, ಹೆಂಗಸು ಅಲ್ಲೇ ಅಡುಗೆ ಮಾಡುತ್ತಾಳೆ, ಮಗು ಅಲ್ಲೇ ಆಡುತ್ತದೆ. ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಆ ಕುಟುಂಬಗಳನ್ನು ತಲೆಮಾರುಗಳಿಂದ ತಿನ್ನುತ್ತಿದೆ. ಕಲ್ಲನ್ನು ಗೀರುವ ಕಣ ಎದೆಯೊಳಗೆ ಹೋದರೆ ಹೊರಬರುವುದಿಲ್ಲ, ಆ ರೋಗಕ್ಕೆ ಪೂರ್ಣ ವಾಸಿಯೆಂಬುದಿಲ್ಲ. ನಮ್ಮ ಬೆರಳ ನಡುವೆ ಜಾರುವ ಅಕೀಕಿನ ಮಣಿಯ ನುಣುಪು ಯಾರದೋ ಉಸಿರಿನ ಲೆಕ್ಕದಲ್ಲಿ ಬಂದದ್ದಿರಬಹುದು. ಅದನ್ನು ಮನೆಯಲ್ಲಿ ಇನ್ನಷ್ಟು ಉಜ್ಜುವ ಅಗತ್ಯವಿಲ್ಲ.

ಅಜ್ಜಿಯ ಸರವನ್ನು ಕೆಲವು ವರ್ಷಗಳ ಹಿಂದೆ ಹಳೆಯ ಮುತ್ತುಗಳನ್ನು ಬಲ್ಲ ಒಬ್ಬರಿಗೆ ತೋರಿಸಿದೆ. ಭೂತಗನ್ನಡಿ ಹಿಡಿದು ತೂತಿನ ಬಾಯನ್ನು ಬಹಳ ಹೊತ್ತು ನೋಡಿದರು. ಹೆಚ್ಚಿನ ಕಾಳುಗಳು ಸಹಜ ಮುತ್ತು, ಒಳಗೆ ಇನ್ನೂ ಪದರಗಳಿವೆ, ಸುಲಿದರೆ ಒಂದಷ್ಟಕ್ಕೆ ಕಾಂತಿ ಬರಬಹುದು, ಆದರೆ ಆ ಕೈ ಇರುವವರು ಈಗ ಯಾರೂ ತಮಗೆ ಗೊತ್ತಿಲ್ಲ ಎಂದರು. ಬದಲಿಗೆ ದಾರ ಹಳತಾಗಿದೆಯೆಂದು ಹೊಸ ರೇಷ್ಮೆಯಲ್ಲಿ ಪೋಣಿಸಿ, ಪ್ರತಿ ಎರಡು ಕಾಳಿನ ನಡುವೆ ಗಂಟು ಹಾಕಿಕೊಟ್ಟರು. ಈಗ ಅದು ನನ್ನ ತಂಗಿಯ ಬಳಿ ಇದೆ. ತೊಟ್ಟ ರಾತ್ರಿ ಒದ್ದೆ ಬಟ್ಟೆಯಿಂದ ಒರೆಸಿ, ಅದೇ ಮಲ್ಮಲ್ಲಿನ ಮೇಲೆ ಹರಡಿ ಮಲಗುತ್ತಾಳೆ.